ಕಂಪ್ಯೂಟರಿಗೆ ಕನ್ನಡ ಕಲಿಸಲು ಹೋಗಿ

ನನ್ನ ಬೀಗದ ಕೈಗೊಂಚಲಿನಲ್ಲಿ ಮನೆಯದೊಂದು, ಬೀರುವಿನದೊಂದು, ಯಾವುದರದೆಂದು ನನಗೇ ಮರೆತುಹೋಗಿರುವ ಇನ್ನೆರಡು ಕೀಲಿಗಳ ಜೊತೆಗೆ ಹಿತ್ತಾಳೆಯ ಒಂದು ಬಿಲ್ಲೆ ಇದೆ. ಮೇಲೆ ತೂತು, ನಡುವೆ ಗುದ್ದಿದ ನಾಲ್ಕು ಅಂಕಿ: 4168. ಬಂಗಾರಪೇಟೆಯಿಂದ ಹೊರಡುವ ರೈಲಿನಲ್ಲಿ ಗೊಂಚಲನ್ನು ಕೈಯಲ್ಲಿ ಹಿಡಿದು ಕೂತರೆ ಎದುರಿಗಿರುವ ಹಿರಿಯರು ಯಾರಾದರೂ ಅದನ್ನು ನೋಡಿ ಯಾವ ಗಣಿ ಶಾಫ್ಟಿನದಮ್ಮ ಎಂದು ವಿಚಾರಿಸುತ್ತಾರೆ. ಬೇರೆ ಊರಿನವರಾದರೆ ಬ್ಯಾಂಕ್ ಲಾಕರಿನ ಚೀಟಿ ಎಂದುಕೊಂಡು ನನ್ನನ್ನು ಸ್ವಲ್ಪ ಗೌರವದಿಂದ ನೋಡುತ್ತಾರೆ. ಎರಡೂ ನನಗೆ ಇಷ್ಟವೇ.

ಕೋಲಾರದ ಚಿನ್ನದ ಗಣಿಯ ಊರನ್ನು ಕಾಣದವರಿಗಾಗಿ ಒಂದು ಮಾತು. ನಮ್ಮಪ್ಪ ಬೂದಿಕೋಟೆ ಕಡೆಯ ಹಳ್ಳಿಯಿಂದ ಬಂದು ಊರಿಗಾಂನಲ್ಲಿ ನೆಲದಡಿಯ ಕೆಲಸಕ್ಕೆ ಸೇರಿದವರು. ಇಳಿಯುವ ಮೊದಲು ಬಿಲ್ಲೆಯನ್ನು ದೀಪದ ಕೋಣೆಯಲ್ಲಿ ಕೊಟ್ಟು ತಲೆಗೆ ಕಟ್ಟುವ ದೀಪ ಪಡೆಯಬೇಕು. ಬಿಲ್ಲೆಯನ್ನು ಅಲ್ಲಿಯ ಹಲಗೆಯಲ್ಲಿ ಒಂದು ಮೊಳೆಗೆ ಸಿಕ್ಕಿಸುತ್ತಾರೆ. ಮೇಲೆ ಬಂದು ದೀಪ ಒಪ್ಪಿಸಿದರೆ ಬಿಲ್ಲೆ ವಾಪಸ್ಸು. ಮೊಳೆಯ ಮೇಲೆ ಬಿಲ್ಲೆ ಇದೆ ಎಂದರೆ ಮನುಷ್ಯ ಇನ್ನೂ ಕೆಳಗಿದ್ದಾನೆ. ಗಣಿ ಮುಚ್ಚಿದಾಗ ಬಿಲ್ಲೆಗಳನ್ನು ಕೇಳುವವರೇ ಇರಲಿಲ್ಲ, ಅಪ್ಪನದು ಅಪ್ಪನ ಜೇಬಿನಲ್ಲೇ ಮನೆಗೆ ಬಂತು. ಅಪ್ಪ ಹೋದ ಮೇಲೆ ಅಮ್ಮನ ಹತ್ತಿರ ಇತ್ತು, ಅಮ್ಮ ಹೋದ ಮೇಲೆ ನನಗೆ.

ಈ ಬಿಲ್ಲೆಯನ್ನು ನೋಡಿದಾಗೆಲ್ಲ ಈಗ ನನಗೆ ಅಪ್ಪನ ನೆನಪಿನ ಜೊತೆಗೆ ಒಂದು ಬೆಳಗಿನ ನಾಚಿಕೆಯೂ ಬರುತ್ತದೆ. ಅದಕ್ಕೆ ಕಾರಣ ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡವಳ ಕಥೆ ಇದು, ನಿಮ್ಮ ಹತ್ತಿರ ಮುಚ್ಚಿಡುವುದೇನು.

ನಾನು ಬಂಗಾರಪೇಟೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯ ಮೇಲೆ ಸುಮ್ಮನಿರುವುದನ್ನು ಕಲಿಯಲಿಲ್ಲ. ದಿನವೂ ರೈಲು ಹತ್ತಿ ಗಣಿಯ ಊರಿಗೆ ಹೋಗುತ್ತೇನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಟೈಲರ್ ಅಂಗಡಿಯ ಮಹಡಿ ಮೇಲೆ ಚಿಕ್ಕ ಕೋಣೆಯಿದೆ. ಅಲ್ಲಿ ನಾವು ಕೆಲವರು ಸೇರಿ ರಕ್ತ ಕೊಡುವವರ ಪಟ್ಟಿ ಇಟ್ಟುಕೊಂಡಿದ್ದೇವೆ. ಯಾರ ಗುಂಪು ಯಾವುದು, ಎಲ್ಲಿರುತ್ತಾರೆ, ಕೊನೆಯ ಸಲ ಯಾವಾಗ ಕೊಟ್ಟರು, ಫೋನ್ ಏನು. ಆಸ್ಪತ್ರೆಯಲ್ಲಿ ರಕ್ತ ಸಿಗದಿದ್ದಾಗ ಜನ ನಮ್ಮ ಮೆಟ್ಟಿಲು ಹತ್ತುತ್ತಾರೆ. ಇಷ್ಟು ವರ್ಷ ಇದೆಲ್ಲ ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿತ್ತು. ಪುಟಗಳು ಕಿತ್ತು, ಅಳಿಸಿ, ಮೇಲೆ ಬರೆದು, ಅದನ್ನು ನಮ್ಮ ಜೊತೆಯ ಸೆಲ್ವಿಯೊಬ್ಬಳೇ ಓದಬಲ್ಲಳು ಎಂಬ ಸ್ಥಿತಿಗೆ ಬಂದಾಗ ಮುಚ್ಚಿಹೋದ ಸೈಬರ್ ಅಂಗಡಿಯವರೊಬ್ಬರು ಹಳೆಯ ಕಂಪ್ಯೂಟರೊಂದನ್ನು ಕೊಟ್ಟರು. ಹಳೆಯ ಯಂತ್ರಕ್ಕೆ ಒಗ್ಗುತ್ತದೆಂದು ಅದರಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟರು. ಪಟ್ಟಿಯನ್ನೆಲ್ಲ ಅದಕ್ಕೆ ಏರಿಸಿದೆವು.

ಸೆಲ್ವಿ ನಮ್ಮ ಬಳಗದ ಬೆನ್ನುಮೂಳೆ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಗಣಿ ಕೆಲಸದವರ ಸಾಲುಮನೆಗಳಾದ ಲೈನು ಮನೆಗಳಲ್ಲಿ, ಮನೆಮಾತು ತಮಿಳು. ಮೊದಲು ಕರೆಂಟ್ ಮೀಟರುಗಳ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದಳು. ದಿನಕ್ಕೆ ಸಾವಿರಾರು ಅಂಕಿ, ಅಂಕಿ ಬಿಟ್ಟು ಇನ್ನೇನೂ ಇಲ್ಲ. ನಾನು ಎರಡು ಬೆರಳಿನ ಟೈಪಿಸ್ಟು. ಕೋಳಿ ಕಾಳು ಹೆಕ್ಕಿದ ಹಾಗೆ ಒತ್ತುತ್ತೇನೆ ಎಂದು ಅವಳು ನನ್ನ ಎದುರಿಗೇ ಹೇಳುತ್ತಾಳೆ.

ಕಂಪ್ಯೂಟರಿಗೆ ಗುಪ್ತಪದ ಬೇಕಿತ್ತು. ಅಪ್ಪನ ಬಿಲ್ಲೆಯ ನಂಬರು ಕೊಟ್ಟೆ. ಎಂಟು ಅಕ್ಷರವಾದರೂ ಇರಲಿ ಎಂದಿತು. ಅದೇ ನಂಬರನ್ನು ಎರಡು ಸಲ ಒತ್ತಿದೆ. ಒಪ್ಪಿಕೊಂಡಿತು. ಈಗ ಬದಲಾಯಿಸಿದ್ದೇನೆ, ನೀವು ಸುಮ್ಮನೆ ಶ್ರಮಪಡಬೇಡಿ.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ನನ್ನ ರೋಗ ನಿಮಗೆ ಗೊತ್ತಿಲ್ಲ. ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ಬಿಟ್ಟಿದ್ದರೆ ಒಳಗೆ ಹೋಗಿ ಹೇಳಿ ಬರುವವಳು ನಾನು. ಮದುವೆಗೆ ಕರೆಯಲು ಬಂದವರ ಕಾಗದವನ್ನು ಅವರೆದುರಿಗೇ ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟು, ಮದುವೆಗೆ ಹೋದಾಗ ಯಾರೂ ಮಾತಾಡಿಸದೆ ಊಟ ಮಾಡಿ ಬಂದದ್ದೂ ಉಂಟು. ಇಂಥವಳ ಎದುರು ಒಂದು ಯಂತ್ರ ದಿನವೂ ಇಂಗ್ಲಿಷಿನಲ್ಲಿ ಮಾತಾಡುತ್ತ ಕೂತರೆ ಹೇಗೆ ತಡೆಯುವುದು? ಅದಕ್ಕೂ ಕನ್ನಡ ಕಲಿಸಬೇಕೆಂದು ಒಂದು ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ಕೂತೆ.

ಕೂತ ಮೇಲೆ ಗೊತ್ತಾಯಿತು, ಭಾಷೆ ಎಂಬುದು ಅದರಲ್ಲಿ ಒಂದು ಗುಂಡಿಯಲ್ಲ. ಒಂದು ಕಡತದಲ್ಲಿ ಪ್ರಪಂಚದ ಭಾಷೆಗಳೆಲ್ಲ ಸಾಲಾಗಿ ನಿಂತಿವೆ, ಪ್ರತಿಯೊಂದರ ಮುಂದೆ ಅಡ್ಡಗೆರೆ ಉದ್ದಗೆರೆಗಳ ಒಂದು ಬೇಲಿಯಂಥ ಗುರುತು. ಗುರುತು ಇರುವವರೆಗೂ ಆ ಭಾಷೆ ಮಲಗಿರುತ್ತದೆ. ತೆಗೆದರೆ ಏಳುತ್ತದೆ. ತಮಿಳು ತೆಲುಗು ಲೈನು ಮನೆಗಳ ಹಾಗೆ ಅಕ್ಕಪಕ್ಕದಲ್ಲೇ ಇದ್ದವು. ಕನ್ನಡ ಅಷ್ಟು ದೂರದಲ್ಲಿ. ಕನ್ನಡದ ಬೇಲಿಯನ್ನು ಮಾತ್ರ ಕಿತ್ತೆ.

ಆಮೇಲೆ ಇನ್ನೊಂದು ಕಡತ. ಅದರಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಸಾಲು. ತಾರೀಖು ಯಾವ ಪದ್ಧತಿಯಲ್ಲಿ ಹೇಳಬೇಕು, ಅಂಕಿ ಹೇಗೆ ಬರೆಯಬೇಕು, ಹೆಸರುಗಳನ್ನು ಯಾವ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಬೇಕು, ಮಾತು ಯಾವ ಭಾಷೆಯಲ್ಲಿ ಆಡಬೇಕು. ಒಂದೊಂದಕ್ಕೂ ಬೇರೆ ಬೇರೆ ದೇಶಭಾಷೆ ಕೊಡಬಹುದಂತೆ. ಓದುತ್ತ ನನಗೆ ನಗು ಬಂತು. ಇದು ನಮ್ಮ ಮನೆಯೇ. ಅಮ್ಮ ಆಂಧ್ರದ ಗಡಿಯವಳು. ಎಣಿಸುವುದು ತೆಲುಗಿನಲ್ಲಿ, ನಮ್ಮ ಹತ್ತಿರ ಮಾತು ಕನ್ನಡದಲ್ಲಿ, ನಲ್ಲಿಯ ಹತ್ತಿರ ಜಗಳ ತಮಿಳಿನಲ್ಲಿ, ಯಾಕೆಂದರೆ ತಮಿಳಿನಲ್ಲಿ ಬೈದರೆ ಬಿಂದಿಗೆ ಬೇಗ ಮುಂದಕ್ಕೆ ಹೋಗುತ್ತದೆ. ಹೊತ್ತು ಗೊತ್ತಾಗುತ್ತಿದ್ದದ್ದು ಗಡಿಯಾರದಿಂದಲ್ಲ, ಗಣಿಯ ಸೈರನ್ನಿನಿಂದ. ಮೊದಲ ಸೈರನ್ನಿಗೆ ಒಲೆ, ಎರಡನೆಯದಕ್ಕೆ ಸ್ಕೂಲು. ಇವೆಲ್ಲದರ ಮೇಲೆ ಕಡತದಲ್ಲಿ ಇನ್ನೊಂದು ಸಾಲಿತ್ತು. ಅದಕ್ಕೆ ಏನಾದರೂ ಬರೆದರೆ ಉಳಿದ ಸಾಲುಗಳು ಏನೇ ಹೇಳಲಿ ಅದರದೇ ನಡೆಯುತ್ತದಂತೆ. ಅಪ್ಪನ ತಾಯಿ ಬೂದಿಕೋಟೆ ಬಸ್ಸಿಳಿದು ಮನೆಗೆ ಬಂದರೆ ಹೀಗೇ ಆಗುತ್ತಿತ್ತು. ಅಜ್ಜಿ ಇದ್ದಷ್ಟು ದಿನ ಎಣಿಕೆಯೂ ಕನ್ನಡ, ಜಗಳವೂ ಕನ್ನಡ.

ನಾನು ಅಜ್ಜಿಯ ಮೊಮ್ಮಗಳು. ಆ ಸಾಲಿಗೇ ಕನ್ನಡ ಬರೆದೆ.

ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಕೀಲಿಮಣೆಗೆ ಇನ್ನೊಂದು ಕಡತ. ಅಲ್ಲಿ ಇಂಗ್ಲಿಷ್ ಇತ್ತು, ಪಕ್ಕದಲ್ಲಿ ಕನ್ನಡ ಸೇರಿಸಿದರೆ ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಎರಡೂ ಇರಲಿ ಎಂದು ಬುದ್ಧಿ ಇರುವವರು ಯಾರಾದರೂ ಮಾಡುತ್ತಿದ್ದರು. ನಾನು ಇಂಗ್ಲಿಷನ್ನು ಅಳಿಸಿಯೇ ಹಾಕಿದೆ. ಪರೀಕ್ಷೆ ಮಾಡಲು ನನ್ನ ಹೆಸರು, ಊರು, ಪಿನ್‌ಕೋಡು ಎಲ್ಲ ಒತ್ತಿದೆ. ಮೇಲಿನ ಸಾಲಿನ ಅಂಕಿ ಒತ್ತಿದರೂ ದುಂಡುದುಂಡಾಗಿ ಕನ್ನಡದ ಅಂಕಿ ಬಂದವು. ಎದೆ ಉಬ್ಬಿತು. ಯಂತ್ರ ಆರಿಸುವಾಗ ಅದು ನನ್ನನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಬೀಳ್ಕೊಟ್ಟಿತು. ರೈಲಿನಲ್ಲಿ ಬಂಗಾರಪೇಟೆಯವರೆಗೂ ನಗುತ್ತಲೇ ಬಂದೆ. ಎದುರಿಗೆ ಕೂತಿದ್ದ ಹೂವಿನ ಹೆಂಗಸು ಜಾಗ ಬದಲಾಯಿಸಿದಳು.

ಮಾರನೆಯ ಬೆಳಿಗ್ಗೆ ಹತ್ತೂಕಾಲಿಗೆ ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಇಪ್ಪತ್ತೇಳೆಂಟು ವಯಸ್ಸಿನವನು, ಅಂಗಿಯ ತೋಳಿನ ಮೇಲೆ ಒಣಗಿದ ಸಿಮೆಂಟು. ಹೆಸರು ನಾರಾಯಣಸ್ವಾಮಿ, ಬೂದಿಕೋಟೆ ಹತ್ತಿರದ ಹಳ್ಳಿ, ಗಾರೆ ಕೆಲಸಕ್ಕೆ ಹೋಗುವವನು. ಹೆಂಡತಿ ಮಂಜುಳಳಿಗೆ ಬೆಳಗಿನ ಜಾವ ಹೆರಿಗೆಯಾಗಿದೆ. ಮಗು ಚೆನ್ನಾಗಿದೆ. ಆದರೆ ಅವಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಅವಳದು ಓ ನೆಗೆಟಿವ್. ಇದ್ದ ಒಂದು ಬಾಟಲಿ ಏರಿಸಿ ಆಗಿದೆ, ಕೋಲಾರದಲ್ಲಿ ವಿಚಾರಿಸಿದರೆ ಅಲ್ಲಿಯೂ ಆ ಗುಂಪು ಖಾಲಿ, ಬೆಂಗಳೂರಿಂದ ತರಿಸುವಷ್ಟು ಹೊತ್ತು ಇಲ್ಲ. ಅವನ ಕೈಯಲ್ಲಿ ರಕ್ತನಿಧಿಯವರು ಕೊಟ್ಟ ಚೀಟಿ ಒದ್ದೆಯಾಗಿತ್ತು.

"ಡಾಕ್ಟ್ರಮ್ಮ ಅನ್ನೊಂದೂವರೆ ಒಳ್ಗೆ ಮನ್ಸನ್ನ ಕರ್ಕೊಂಬಾ ಅಂದವ್ರೆ ಅಕ್ಕ. ಪರೀಕ್ಷೆ ಮಾಡಾಕೂ ಒತ್ತು ಬೇಕಂತೆ."

ನಾನು ಧೈರ್ಯ ಹೇಳಿದೆ. ನಮ್ಮ ಪಟ್ಟಿಯಲ್ಲಿ ಆ ಗುಂಪಿನವರು ನಾಲ್ವರಿದ್ದಾರೆ, ಎರಡು ನಿಮಿಷ ಎಂದೆ. ಕೂರಲು ಹೇಳಿದೆ. ಅವನು ಕೂರಲಿಲ್ಲ.

ಕಂಪ್ಯೂಟರ್ ಹಾಕಿದೆ. ಬಳಗದ ಹೆಸರು ಬಂತು, ಕೆಳಗೆ ಗುಪ್ತಪದ ಎಂದು ಕನ್ನಡದಲ್ಲಿ ಮುದ್ದಾಗಿ ಬರೆದಿತ್ತು. ನಾಲ್ಕು ಒಂದು ಆರು ಎಂಟು, ನಾಲ್ಕು ಒಂದು ಆರು ಎಂಟು. ಪರದೆಯ ಮೇಲೆ ಎಂಟು ಕಪ್ಪು ಚುಕ್ಕೆ. ಒಂದು ಕ್ಷಣ ಯೋಚಿಸಿದ ಯಂತ್ರ ಹೇಳಿತು: ಗುಪ್ತಪದ ತಪ್ಪಾಗಿದೆ, ದಯವಿಟ್ಟು ಪುನಃ ಪ್ರಯತ್ನಿಸಿ.

ಅವಸರದಲ್ಲಿ ಬೆರಳು ತಪ್ಪಿರಬೇಕು ಎಂದುಕೊಂಡೆ. ನಿಧಾನವಾಗಿ ಒತ್ತಿದೆ. ಎಂಟು ಚುಕ್ಕೆ. ದಯವಿಟ್ಟು ಪುನಃ ಪ್ರಯತ್ನಿಸಿ. ಮೂರನೆಯ ಸಲ ಬಿಲ್ಲೆಯನ್ನೇ ಮೇಜಿನ ಮೇಲಿಟ್ಟುಕೊಂಡು ಒಂದೊಂದಾಗಿ ನೋಡಿ ಒತ್ತಿದೆ. ಅಪ್ಪನ ನಂಬರನ್ನು ನೋಡಿ ಒತ್ತಬೇಕಾಗಿ ಬಂದದ್ದು ನನ್ನ ಬಾಳಿನಲ್ಲಿ ಅದೇ ಮೊದಲು. ಯಂತ್ರ ಅದಕ್ಕೂ ಅಷ್ಟೇ ವಿನಯದಿಂದ ಇಲ್ಲ ಎಂದಿತು, ಆಮೇಲೆ ಸ್ವಲ್ಪ ಹೊತ್ತು ಏನೂ ಒತ್ತಿಸಿಕೊಳ್ಳದೆ ಕೂತಿತು. ತಪ್ಪು ಹೆಚ್ಚಾದರೆ ಹಾಗೆ ಕಾಯಿಸುತ್ತದಂತೆ. ನಾನು ಕಲಿಸಿದ ಕನ್ನಡದಲ್ಲೇ ಅದು ನನ್ನನ್ನು ಬಾಗಿಲಾಚೆ ನಿಲ್ಲಿಸಿತ್ತು.

ಲಿನಕ್ಸ್ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಅಷ್ಟರಲ್ಲಿ ಸೆಲ್ವಿ ಬಂದಳು. ವಿಷಯ ಕೇಳಿ ಅವಳು ಬೀರುವಿನಿಂದ ಹಳೆಯ ನೋಟ್‌ಬುಕ್ಕು ತೆಗೆದಳು. ಅದರಲ್ಲಿ ಓ ನೆಗೆಟಿವ್ ಎಂದು ಇಬ್ಬರು ಮಾತ್ರ. ಒಬ್ಬರು ತೀರಿಹೋಗಿ ಎರಡು ವರ್ಷ. ಇನ್ನೊಬ್ಬರಿಗೆ ಅರವತ್ತೈದು ದಾಟಿದೆ, ಅವರಿಂದ ತೆಗೆಯುವುದಿಲ್ಲ. ಆಮೇಲೆ ಸೇರಿದ ನಾಲ್ವರೂ ಕಂಪ್ಯೂಟರಿನೊಳಗೆ ಮಾತ್ರ ಇದ್ದರು, ನೋಟ್‌ಬುಕ್ಕು ಇನ್ನು ಸಾಕು ಎಂದು ತೀರ್ಮಾನ ಮಾಡಿದ್ದವಳು ನಾನೇ. ಸೆಲ್ವಿ ನಮ್ಮ ಬಳಗದ ವಾಟ್ಸಾಪಿಗೆ ಹಾಕಿದಳು. ಎರಡೇ ನಿಮಿಷದಲ್ಲಿ ನಲವತ್ತು ಜನ ಕೈಮುಗಿದರು. ರಕ್ತ ಇದೆ ಎಂದವರು ಯಾರೂ ಇಲ್ಲ.

ನಾರಾಯಣಸ್ವಾಮಿ ಗೋಡೆಯ ಗಡಿಯಾರವನ್ನೂ ಪರದೆಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದ. ಹತ್ತೂ ಮೂವತ್ತೈದು ಆಗಿತ್ತು. ಅವನಿಗೆ ಯಂತ್ರದ ವಿಷಯ ಏನೂ ಗೊತ್ತಿಲ್ಲದಿದ್ದರೂ ನನ್ನ ಮುಖದ ವಿಷಯ ಗೊತ್ತಾಗಿತ್ತು. ತೀರ ಮೆಲ್ಲಗೆ ಕೇಳಿದ.

"ಇದು ತೆಗೀಲಿಲ್ಲಾಂದ್ರೆ ಬ್ಯಾರೆ ಎಲ್ಲಾನ ಬರ್ದಿಕ್ಕಿದ್ದೀರಾ ಅಕ್ಕ?"

ನಾನು ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವಳು. ಇಲ್ಲ ಎಂದು ತಲೆಯಾಡಿಸಿದೆ. ಇದನ್ನು ಕೆಡಿಸಿದವಳು ನಾನೇ, ನಿನ್ನೆ ನನ್ನ ಚಪಲಕ್ಕೆ ಏನೋ ಬದಲಾಯಿಸಿದೆ ಎಂದೂ ಹೇಳಿದೆ. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಸರಿ ಅಕ್ಕ ಎಂದು ಮತ್ತೆ ಗಡಿಯಾರ ನೋಡಿದ. ಆ ಹೆಣ್ಣುಮಗಳು ಹೋದರೆ ಕೊಂದವಳು ನಾನು ಎಂದು ನನಗೆ ಸ್ಪಷ್ಟವಾಗಿ ಅನ್ನಿಸಿತು.

ಯಂತ್ರ ನನ್ನನ್ನು ಕಾಯಿಸುತ್ತಿದ್ದ ಆ ಹೊತ್ತಿನಲ್ಲಿ ನನ್ನ ಕಣ್ಣೆದುರಿಗೆ ಬಂದವಳು ಅಮ್ಮ.

ನೆಲದಾಳದಲ್ಲಿ ಬಂಡೆ ಸಿಡಿದರೆ ಊರಿಗಾಂನ ಮನೆಗಳಲ್ಲಿ ಅಟ್ಟದ ಪಾತ್ರೆ ಕೆಳಗೆ ಬೀಳುತ್ತಿತ್ತು. ಪಾತ್ರೆ ಬಿದ್ದರೆ ಹೆಂಗಸರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ದೀಪದ ಕೋಣೆಯ ಕಡೆಗೆ ಓಡುತ್ತಿದ್ದರು. ಒಳಗೆ ಬಿಡುವುದಿಲ್ಲ. ಹೊರಗೆ ಕಂಬಿಗೆ ಒರಗಿ ನಿಲ್ಲಬೇಕು. ಮೇಲೆ ಬಂದವರು ದೀಪ ಒಪ್ಪಿಸಿದ ಹಾಗೆ ಗುಮಾಸ್ತ ಬಿಲ್ಲೆ ತೆಗೆದು ನಂಬರು ಕೂಗುತ್ತಾನೆ. ಹೆಸರಲ್ಲ, ನಂಬರು. ತೊಂದರೆ ಏನೆಂದರೆ ಗುಮಾಸ್ತರು ಬೇರೆ ಬೇರೆ. ಒಬ್ಬರು ತಮಿಳಿನಲ್ಲಿ ಕೂಗುವರು, ಒಬ್ಬರು ತೆಲುಗಿನಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ. ಅಮ್ಮನಿಗೆ ಆಗ ಎಣಿಕೆ ಬರುತ್ತಿದ್ದದ್ದು ತೆಲುಗೊಂದರಲ್ಲೇ. ಮದುವೆಯಾದ ಹೊಸದರಲ್ಲಿ ಒಂದು ಸಲ ಇಂಗ್ಲಿಷಿನಲ್ಲಿ ಕೂಗಿದ್ದು ತಿಳಿಯದೆ ಕಂಬಿಗೆ ಒರಗಿ ಅಳುತ್ತಲೇ ನಿಂತಿದ್ದಳಂತೆ. ಅಪ್ಪ ಬೇರೆ ಗೇಟಿನಿಂದ ಮನೆಗೆ ಹೋಗಿ, ಮುಖ ತೊಳೆದು, ಉಣ್ಣಲು ಹಿಟ್ಟು ಯಾರು ಹಾಕುತ್ತಾರೆ ಎಂದು ಹೆಂಡತಿಯನ್ನು ಹುಡುಕಿಕೊಂಡು ಬಂದಾಗಲೂ ಅವಳು ಅಲ್ಲೇ ವಿಧವೆಯಾಗಿ ನಿಂತಿದ್ದಳು.

ಮಾರನೆಯ ದಿನದಿಂದ ಅಮ್ಮ ಪಕ್ಕದ ಮನೆಗಳಿಗೆ ಹೋಗಿ ಆ ಒಂದು ನಂಬರನ್ನು ಎಲ್ಲ ಭಾಷೆಯಲ್ಲೂ ಬಾಯಿಪಾಠ ಮಾಡಿದಳು. ನಮಗೂ ಮಾಡಿಸಿದಳು. ನಾಲ್ಕು ಒಂದು ಆರು ಎಂಟು. ನಾಲುಗು ಒಕಟಿ ಆರು ಎನಿಮಿದಿ. ನಾಲು ಒಣ್ಣು ಆರು ಎಟ್ಟು. ಫೋರ್ ಒನ್ ಸಿಕ್ಸ್ ಏಟ್. ಎರಡೆರಡು ಕೂಡಿಸಿ ಕೂಗುವವರೂ ಇದ್ದಾರೆಂದು ನಲವತ್ತೊಂದಕ್ಕೆ ನಲಭೈ ಒಕಟಿ, ನಾಪ್ಪತ್ತಿ ಒಣ್ಣು ಎಂದು ಅದೂ ಆಯಿತು. ಆರು ಮಾತ್ರ ಮೂರರಲ್ಲೂ ಆರೇ, ಅದೊಂದು ಪುಣ್ಯ ಎನ್ನುತ್ತಿದ್ದಳು. ಬೇರೆ ಮಕ್ಕಳು ಪದ್ಯ ಹೇಳಿಕೊಂಡು ಕುಂಟಾಬಿಲ್ಲೆ ಆಡಿದರೆ ನಾವು ಲೈನಿನ ಮಕ್ಕಳು ಅಪ್ಪಂದಿರ ನಂಬರು ಹೇಳಿಕೊಂಡು ಆಡುತ್ತಿದ್ದೆವು.

ನನಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ ಪಾತ್ರೆಯಲ್ಲ, ಗೋಡೆಯ ಗಾರೆಯೇ ಬಿತ್ತು. ಅಮ್ಮನ ಸೆರಗು ಹಿಡಿದು ನಾನೂ ಓಡಿದೆ. ಪಕ್ಕದ ಮನೆಯ ಕನ್ನಿಯಮ್ಮ ನಮ್ಮ ಜೊತೆಗೇ ಇದ್ದಳು. ಎಷ್ಟು ಹೊತ್ತು ನಿಂತೆವೋ ತಿಳಿಯದು. ಗುಮಾಸ್ತ ಕೂಗುವುದು, ಗುಂಪಿನಲ್ಲಿ ಒಬ್ಬಳು ಕುಸಿದು ಕೂತು ದೇವರನ್ನು ಕರೆಯುವುದು, ಮತ್ತೆ ಮೌನ. ಕೊನೆಗೆ ತಮಿಳಿನಲ್ಲಿ ಬಂತು. "ನಾಪ್ಪತ್ತಿ ಒಣ್ಣು, ಅರುವತ್ತಿ ಎಟ್ಟು." ಅಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆದು ನನಗೆ ಗಾಯವಾಯಿತು. ಕನ್ನಿಯಮ್ಮನ ಗಂಡನ ನಂಬರನ್ನು ಆ ದಿನ ಯಾರೂ ಕೂಗಲಿಲ್ಲ. ಅವಳಿಗೂ ಅದು ನಾಲ್ಕು ಭಾಷೆಯಲ್ಲಿ ಬರುತ್ತಿತ್ತು.

ಅದೇ ನಂಬರನ್ನು ಇಟ್ಟುಕೊಂಡು ನಾನು ಈಗ ಇನ್ನೊಬ್ಬರ ಮನೆಯವನನ್ನು ಕಂಬಿಯಾಚೆ ನಿಲ್ಲಿಸಿದ್ದೆ.

ಯಂತ್ರ ಮತ್ತೆ ಚುಕ್ಕೆ ತೆಗೆದುಕೊಳ್ಳಲು ಸಿದ್ಧವಾಯಿತು. ಒಂದರ ಬದಲು ಎರಡು ಕೀಲಿ ಒಟ್ಟಿಗೆ ಒತ್ತಿಬಿಟ್ಟೆ. ಸೆಲ್ವಿ ನನ್ನ ಭುಜ ಹಿಡಿದು ಕುರ್ಚಿಯಿಂದ ಎಬ್ಬಿಸಿದಳು.

"ಟೀಚರ್, ನಿಮ್ ಕೈಲಿ ಆಗಲ್ಲ, ಬಿಡಿ. ನಂಬರ್ ಮಾತ್ರ ಕೂಗಿ. ನಾ ಒತ್ತೀನಿ."

ಕೂಗಿ ಎಂದಳು ನೋಡಿ. ನನ್ನ ಬಾಯಿಂದ ಕನ್ನಡ ಹೊರಡಲಿಲ್ಲ. ಆ ಗುಮಾಸ್ತನ ದನಿಯೇ ಬಂತು. ನಾಪ್ಪತ್ತಿ ಒಣ್ಣು, ಅರುವತ್ತಿ ಎಟ್ಟು. ನಾಪ್ಪತ್ತಿ ಒಣ್ಣು, ಅರುವತ್ತಿ ಎಟ್ಟು. ಸೆಲ್ವಿ ಕೀಲಿಮಣೆಯ ಕಡೆಗೆ ನೋಡದೆ, ಪರದೆಯನ್ನೇ ನೋಡುತ್ತ, ಬಲಗೈಯಿಂದ ಟಕಟಕ ಒತ್ತಿದಳು. ಎಂಟು ಚುಕ್ಕೆ. ಯಂತ್ರ ತೆರೆಯಿತು.

ನನ್ನ ಮನಸ್ಸಿಗೆ ಮೊದಲು ಹೊಳೆದದ್ದೇನೆಂದು ಹೇಳಿದರೆ ನಗಬೇಡಿ. ಕನ್ನಡದಲ್ಲಿ ಕೇಳಿದಾಗ ತೆರೆಯದೆ ತಮಿಳಿನಲ್ಲಿ ಕೇಳಿದರೆ ತೆರೆಯಿತಲ್ಲ, ಈ ಯಂತ್ರವೂ ನಮ್ಮೂರ ನಲ್ಲಿಯ ಹಾಗೆಯೇ ಎಂದು. ಆಗ ಅದನ್ನು ವಿಚಾರಿಸುವ ಹೊತ್ತಿರಲಿಲ್ಲ. ಪಟ್ಟಿ ತೆಗೆದೆವು. ಓ ನೆಗೆಟಿವ್ ನಾಲ್ವರು. ಒಬ್ಬಳು ಮೂರು ವಾರದ ಹಿಂದಷ್ಟೇ ಕೊಟ್ಟಿದ್ದಳು, ಅವಳನ್ನು ಬಿಟ್ಟೆವು. ನನ್ನ ಎರಡು ಬೆರಳಿಗೆ ಹತ್ತು ಅಂಕಿ ಒತ್ತುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು, ಸೆಲ್ವಿಯದು ಕೈಮುಗಿಯುವವರಿಂದ ಬಿಡುವಿಲ್ಲದೆ ಗುಣುಗುಡುತ್ತಿತ್ತು. ನಾರಾಯಣಸ್ವಾಮಿ ತನ್ನ ಫೋನು ತೆಗೆದ. ಸೆಲ್ವಿ ನಂಬರು ಓದಿದಳು, ಅವನು ಒಂದೊಂದನ್ನೂ ತೆಲುಗಿನಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಒತ್ತಿದ.

ಮೊದಲನೆಯದು ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯವರು ತಿರುಪತಿಯಲ್ಲಿ ಸರದಿಯಲ್ಲಿದ್ದರು. ಗಡಿಯಾರದಲ್ಲಿ ಹತ್ತೂ ಮುಕ್ಕಾಲು ದಾಟಿತ್ತು. ಮೂರನೆಯದನ್ನು ಎತ್ತಿದವರು ವೆಲ್ಡಿಂಗ್ ಕೆಲಸದವರು, ಚಾಂಪಿಯನ್ ಗಣಿಯ ಕಡೆ ಎಲ್ಲೋ ಗೇಟು ಕೂರಿಸುತ್ತಿದ್ದರು. ಹಿಂದೆ ಕಬ್ಬಿಣ ಕುಯ್ಯುವ ಸದ್ದು. ನಾರಾಯಣಸ್ವಾಮಿಗೆ ಮಾತು ಪೂರ್ತಿ ಹೊರಡಲಿಲ್ಲ. ಮಂಜುಳ ಅಂತ, ನಮ್ಮನೆಯವಳು ಅಂತ, ರಗುತ ಅಂತ ಮೂರೇ ಮಾತು. ಆ ಕಡೆಯಿಂದ ಸದ್ದು ನಿಂತಿತು. ಆಸ್ಪತ್ರೆ ಯಾವುದು ಎಂದು ಮಾತ್ರ ಕೇಳಿ ಅವರು ಫೋನಿಟ್ಟರು. ಇವನು ಮೆಟ್ಟಿಲನ್ನು ಎರಡೆರಡು ಹಾರಿ ಇಳಿದುಹೋದ.

ಅವನು ಹೋದ ಮೇಲೆ ನನಗೂ ಸೆಲ್ವಿಗೂ ಮಾಡಲು ಏನೂ ಇರಲಿಲ್ಲ. ಕಾಯುವುದು ನಾನು ಕಲಿತ ವಿದ್ಯೆಯೆಂದು ತಿಳಿದಿದ್ದೆ, ಆ ದಿನ ಅದೂ ಮರೆತುಹೋಗಿತ್ತು. ಕೈಗೊಂದು ಕೆಲಸವಿರಲೆಂದು ಒಂದು ಹಾಳೆ ತೆಗೆದು ನಾಲ್ವರ ಹೆಸರು, ನಂಬರು ಬರೆದೆ. ಕನ್ನಡದಲ್ಲಿ ಬರೆದು ಸೆಲ್ವಿಯ ಕೈಗೆ ಕೊಟ್ಟೆ, ಅವಳು ಕೆಳಗೆ ತಮಿಳಿನಲ್ಲಿ ಬರೆದಳು. ಕೆಳಗಿನ ಅಂಗಡಿಯ ಟೈಲರನ್ನು ಕರೆದು ತೆಲುಗಿನಲ್ಲೂ ಬರೆಸಿದೆವು. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವೇ, ಆದರೂ ತೋಡಿದೆವು. ಹಾಳೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ.

ಕುತೂಹಲ ತಡೆಯಲಾರದೆ ಯಂತ್ರದಲ್ಲಿ ಒಂದು ಖಾಲಿ ಪುಟ ತೆಗೆದು ಬಿಲ್ಲೆಯ ನಂಬರು ಒತ್ತಿ ನೋಡಿದೆ. ನಾನು ಯಾವಾಗಲೂ ಒತ್ತುವುದು ಅಕ್ಷರಗಳ ಮೇಲಿರುವ ಸಾಲಿನಲ್ಲಿ. ಬಂದದ್ದು ೪೧೬೮. ಸೆಲ್ವಿ ಮೀಟರಿನ ಅಂಕಿ ಏರಿಸಿದ ಅಭ್ಯಾಸದಲ್ಲಿ ಒತ್ತುವುದು ಬಲಗಡೆಗೆ ಬೇರೆಯಾಗಿ ಗುಂಪುಗೂಡಿರುವ ಅಂಕಿಗಳಲ್ಲಿ. ಅಲ್ಲಿಂದ ಬಂದದ್ದು 4168. ನಾನು ಮೇಲಿನ ಸಾಲಿಗೆ ಮಾತ್ರ ಕನ್ನಡ ಕಲಿಸಿದ್ದೆ, ಬಲಗಡೆಯ ಗುಂಪು ನನ್ನ ಆಜ್ಞೆಗೆ ಸಿಕ್ಕಿರಲಿಲ್ಲ. ಚುಕ್ಕೆಗಳ ಮರೆಯಲ್ಲಿ ನಾನು ಬೆಳಗಿನಿಂದ ಒತ್ತಿದ್ದೆಲ್ಲ ಸರಿಯಾದ ನಂಬರೇ, ಯಂತ್ರಕ್ಕೆ ಅರ್ಥವಾಗದ ಲಿಪಿಯಲ್ಲಿ. ಅಮ್ಮ ಒಂದು ನಂಬರನ್ನು ನಾಲ್ಕು ಭಾಷೆಯಲ್ಲಿ ಗುರುತು ಹಿಡಿಯುತ್ತಿದ್ದಳು. ಯಂತ್ರಕ್ಕೆ ಒಂದರಲ್ಲಿ ಮಾತ್ರ ಗೊತ್ತಿತ್ತು. ಓದಿದವಳಾದ ನನಗೆ ಅಷ್ಟೂ ಗೊತ್ತಿರಲಿಲ್ಲ.

ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಟೈಲರ್ ಟೀ ತಂದುಕೊಟ್ಟ, ಆರಿಹೋಯಿತು. ಸೆಲ್ವಿ ಎರಡು ಸಲ ಫೋನ್ ತೆಗೆದು ಮಾಡುವುದು ಬೇಡವೆಂದು ಇಟ್ಟಳು. ನಾನು ಬಿಲ್ಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕೂತಿದ್ದೆ. ಕೈ ಬಿಡಿಸಿದಾಗ ಅಂಗೈಯಲ್ಲಿ ಅಂಕಿಗಳು ಮೂಡಿದ್ದವು. ಒಂದೂಕಾಲಿಗೆ ಸೆಲ್ವಿಯ ಫೋನು ಬಡಿದುಕೊಂಡಿತು. ಅವಳು ಎತ್ತಿ, ಕೇಳಿ, ನನ್ನ ಕಡೆಗೆ ಚಾಚಿದಳು.

"ನಿಂತೋಯ್ತಂತೆ ಅಕ್ಕ. ಕಣ್ಬಿಟ್ಟು ಮಗೀನ ಕೇಳಿದ್ಲು."

ನಾನು ಅತ್ತೆ. ಅರವತ್ತು ದಾಟಿದ ಹೆಂಗಸು ಟೈಲರನ ಮುಂದೆ ಹಾಗೆ ಅಳಬಾರದು, ಆದರೂ ಅತ್ತೆ.

ಆ ಸಂಜೆಯೇ ಕಡತಗಳನ್ನು ಮತ್ತೆ ತೆಗೆದೆ. ಎಲ್ಲವನ್ನೂ ಮೀರಿ ನಡೆಯುವ ಅಜ್ಜಿಯ ಸಾಲನ್ನು ಖಾಲಿ ಬಿಟ್ಟೆ. ಕೀಲಿಮಣೆಗೆ ಇಂಗ್ಲಿಷನ್ನು ಮರಳಿ ಕರೆತಂದು ಕನ್ನಡವನ್ನು ಪಕ್ಕದಲ್ಲಿ ಕೂರಿಸಿದೆ. ಮಾತು ಮಾತ್ರ ಕನ್ನಡದಲ್ಲೇ ಇರಲಿ ಎಂದು ಉಳಿಸಿಕೊಂಡೆ, ಅಷ್ಟು ಚಪಲವನ್ನು ನೀವು ಕ್ಷಮಿಸಬೇಕು. ತಮಿಳು ತೆಲುಗುಗಳ ಮುಂದಿದ್ದ ಬೇಲಿಗಳನ್ನೂ ಕಿತ್ತೆ. ಪಟ್ಟಿಯಲ್ಲಿ ಹೊಸಬರು ಸೇರಿದಾಗಲೆಲ್ಲ ನೋಟ್‌ಬುಕ್ಕಿನಲ್ಲೂ ಬರೆಯುತ್ತೇವೆ. ಸೆಲ್ವಿ ನನ್ನನ್ನು ಈಗಲೂ ಕೋಳಿ ಎನ್ನುತ್ತಾಳೆ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾರಾಯಣಸ್ವಾಮಿ ಬಂದ. ಹಿಂದೆ ಮಂಜುಳ, ತೋಳಲ್ಲಿ ಹೆಣ್ಣುಮಗು. ತೆಳ್ಳನೆಯ ಹುಡುಗಿ, ಮುಖದಲ್ಲಿ ಇನ್ನೂ ಬಿಳುಪು. ಒಂದು ಚೀಲ ಅವರೆಕಾಯಿ ತಂದಿದ್ದರು. ಅವನಿಗೆ ತನ್ನ ಹೆಸರನ್ನು ಪಟ್ಟಿಗೆ ಬರೆಸಬೇಕಿತ್ತು, ಬರೆದುಕೊಂಡೆವು. ನಾನು ಈ ಸಲ ಕೂರಿಸಿಯೇ ಬಿಟ್ಟೆ. ಇನ್ನು ಆ ದಿನದ ಹಾಗೆ ಆಗುವುದಿಲ್ಲ, ಎಲ್ಲ ಸರಿ ಮಾಡಿದ್ದೇನೆ, ನೋಡು ಎಂದು ಪರದೆ ತೋರಿಸಿದೆ, ಗೋಡೆಯ ಹಾಳೆಯನ್ನೂ ತೋರಿಸಿದೆ. ಅವನು ಎರಡನ್ನೂ ಮರ್ಯಾದೆಗೆ ನೋಡಿದ. ಆಮೇಲೆ ನೆಲ ನೋಡುತ್ತ ತೆಲುಗಿನಲ್ಲಿ ಅಂಕಿಗಳನ್ನು ಹೇಳತೊಡಗಿದ. ಹತ್ತು ಅಂಕಿ, ಒಂದು ಉಸಿರು, ಮತ್ತೆ ಹತ್ತು. ಅವನು ಆ ದಿನ ಒತ್ತಿದ ಮೂವರ ನಂಬರುಗಳು. ನಾನು ಹಾಳೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತ ಹೋದೆ.

"ಇನ್ನೊಂದ್ಸಲ ಯಾರಿಗಾನ ಬೇಕಾದಾಗ ನಿಮ್ ಮಿಷಿನ್ನು ತೆಗೀಲಿಲ್ಲಾಂದ್ರೆ ಇರ್ಲಿ ಅಂತ ಕಲ್ತಿಕ್ಕೊಂಡೆ ಅಕ್ಕ."

ಮೂರನೆಯದರ, ಆ ವೆಲ್ಡಿಂಗಿನವರ ನಂಬರಿನ ಕೊನೆಯಲ್ಲಿ ಅವನು ತಡವರಿಸಿದ್ದ, ಎರಡು ಅಂಕಿ ಬಾಕಿಯಿದ್ದವು. ಹಾಳೆ ನೋಡಿ ಹೇಳಿಕೊಡೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಂಜುಳ, ಮಗುವಿನ ಮುಖದಿಂದ ಕಣ್ಣು ತೆಗೆಯದೆ, "ಆರು, ಎನಿಮಿದಿ" ಎಂದಳು.